ಎರೆ ಮಣ್ಣಿನ ಸೈಟಿನಲ್ಲಿ ಇಂಗುಗುಂಡಿ ತೋಡಿಸುವ ಮುಂಚೆ ಇದನ್ನು ಓದಿ

ನವಲಗುಂದ, ನರಗುಂದ, ಗದಗ ಕಡೆ ಎರೆ (ಕಪ್ಪು ಜೇಡಿ ಮಣ್ಣಿನ) ಹೊಲ ಲೇಔಟ್ ಮಾಡಿದ ಜಾಗದಲ್ಲಿ ಮನೆ ಕಟ್ಟಿಸುತ್ತಿದ್ದೀರಾ? ನಮಗಾದದ್ದು ನಿಮಗಾಗಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮ ಗುತ್ತಿಗೆದಾರರು ಸೆಪ್ಟಿಕ್ ಟ್ಯಾಂಕ್ ಕಟ್ಟಿ, ಗೋಡೆ ಪಕ್ಕದಲ್ಲೇ ಸಿಮೆಂಟ್ ರಿಂಗ್ ಇಳಿಸಿ, ಟ್ಯಾಂಕಿನಿಂದ ಹೊರಬರುವ ನೀರು ನೆಲಕ್ಕೆ ಇಂಗಲಿ ಅಂತ ಇಂಗುಗುಂಡಿ ಮಾಡಿದರು. ಕಡು ಬೇಸಿಗೆ. ನೆಲದಲ್ಲಿ ಕೈ ತೂರುವಷ್ಟು ಬಿರುಕು. ಗುಂಡಿಗೆ ನೀರು ಬಿಟ್ಟರು, ನೋಡ್ತಾ ನೋಡ್ತಾ ಮಾಯ. "ಎಷ್ಟು ಚಲೋ ಹಿಂಗತೈತಿ ನೋಡ್ರಿ" ಅಂದರು. ಅದು ಮಣ್ಣಿನಲ್ಲಿ ಇಂಗಿರಲಿಲ್ಲ, ಬಿರುಕಿನೊಳಗೆ ಇಳಿದಿತ್ತು ಅಷ್ಟೆ.

ಮಳೆ ಹಿಡಿಯಿತು. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬಿರುಕೆಲ್ಲ ಮುಚ್ಚಿಹೋಗುತ್ತದೆ. ಆಮೇಲೆ ನೀರು ಇಳಿಯುವುದೇ ಕಷ್ಟ. ಫ್ಲಶ್ ಮಾಡಿದರೆ ಕಮೋಡಿನಲ್ಲಿ ನೀರು ಗುಳುಗುಳು ಅಂತ ಮೇಲೇರಿ ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಬಚ್ಚಲ ಜಾಲರಿಯಿಂದ ಕಪ್ಪು ನೀರು ಉಕ್ಕಿ ಅಡುಗೆಮನೆ ಹೊಸ್ತಿಲವರೆಗೂ ಬಂತು. ಮನೆಯಲ್ಲಿ ವಯಸ್ಸಾದವರಿದ್ದಾರೆ, ಆ ಸಂಕಟ ಯಾರಿಗೂ ಬೇಡ. ಸಕ್ಕಿಂಗ್ ಗಾಡಿ ಕರೆಸಿ ಖಾಲಿ ಮಾಡಿಸಿದರೂ ಗುಂಡಿ ಬೇಗನೆ ಮತ್ತೆ ತುಂಬಿತು. ರಿಂಗಿನ ಸುತ್ತ ಸುರಿದಿದ್ದ ಸಡಿಲ ಮಣ್ಣಿನಲ್ಲಿ ನಿಂತ ಮಳೆನೀರೆಲ್ಲ ಒಳಗೇ ಬರುತ್ತಿತ್ತು. ಸಾಲದ್ದಕ್ಕೆ ಪಾಯದ ಮಣ್ಣೂ ನೆನೆದು ಉಬ್ಬಿ, ಕಿಟಕಿಯ ಮೂಲೆಯಿಂದ ಗೋಡೆ ಓರೆಯಾಗಿ ಬಿರಿಯಿತು.

ಮಸಾರಿ (ಕೆಂಪು ಮಣ್ಣಿನ) ಭೂಮಿಯಲ್ಲಿ ನಡೆಯುವ ಲೆಕ್ಕ ಎರೆಯಲ್ಲಿ ನಡೆಯಲ್ಲ. ಅದಕ್ಕೇ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ನೀರು ಇಂಗಬೇಕಾದ ಆಳದಲ್ಲಿ ಸಣ್ಣ ಕುಳಿ ತೆಗೆದು, ರಾತ್ರಿಯಿಡೀ ನೀರು ನಿಲ್ಲಿಸಿ. ಮಣ್ಣು ಚೆನ್ನಾಗಿ ನೆನೆದು ಉಬ್ಬಲಿ. ಮರುದಿನ ನೀರು 25 ಮಿ.ಮೀ. ಇಳಿಯಲು ಎಷ್ಟು ನಿಮಿಷ ಬೇಕು ನೋಡಿ. ಸೆಪ್ಟಿಕ್ ಟ್ಯಾಂಕಿಗೆ ಇರುವ ಭಾರತೀಯ ಮಾನದಂಡ ಐಎಸ್ 2470ರ ಪ್ರಕಾರ 30 ನಿಮಿಷದೊಳಗೆ ಇಳಿದರೆ ಇಂಗುಗುಂಡಿ ಆಗುತ್ತದೆ. 30ರಿಂದ 60 ಆದರೆ ಗುಂಡಿ ಬೇಡ, ಜಲ್ಲಿ ತುಂಬಿದ ಉದ್ದದ ಕಾಲುವೆ ಬೇಕು. 60 ಮೀರಿದರೆ ಇಂಗಿಸುವ ಆಸೆಯನ್ನೇ ಬಿಡಿ, ಟ್ಯಾಂಕಿನ ನೀರಿಗೆ ಫಿಲ್ಟರ್ ಕಟ್ಟಿಸಬೇಕು. ಒಣ ನೆಲದಲ್ಲಿ ಒಂದು ಬಕೆಟ್ ನೀರು ಸುರಿದು ತೋರಿಸಿದರೆ ಸುಮ್ನೆ ಒಪ್ಪಬೇಡಿ.

ನೀರು ಇಂಗುವ ಜಾಗವಾದರೂ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್, ಮನೆಯಿಂದ 6 ಮೀಟರ್ ದೂರ ಇರಲೇಬೇಕು.

ಗುಂಡಿಯಲ್ಲಿ ಕೆಸರು ಕಟ್ಟಿಕೊಂಡಾಗ "ಒಬ್ಬರನ್ನ ಇಳಿಸಿ ಕೆಸರು ತೆಗೆಸಿ" ಅಂತ ಹೇಳುವವರು ಈಗಲೂ ಇದ್ದಾರೆ. ಖಂಡಿತ ಬೇಡ. ಒಳಗಿನ ಗಾಳಿಗೆ ಜೀವ ಹೋಗುತ್ತದೆ. ರಕ್ಷಣೆಯಿಲ್ಲದೆ ಹಾಗೆ ಇಳಿಸುವುದು ಮಲ ಬಾಚುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಅಪರಾಧ ಕೂಡ.