ವಿಝರ್ಡ್, ಸಾರ್ಸರರ್, ವಾರ್ಲಾಕ್: ಮುಂದಿನ ಆವೃತ್ತಿ ಯಾರ ದಾರಿ ಹಿಡಿದೀತು?

ಮೈಸೂರಿನ ಸರಸ್ವತಿಪುರಂನಲ್ಲಿ ಭಾನುವಾರದ ಮಧ್ಯಾಹ್ನಗಳಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ) ಆಡುವ ನಮ್ಮ ತಂಡ ಎಲ್ಲರಿಂದ ಹಣ ಕೂಡಿಸಿ ಅದರ ನಿಯಮಪುಸ್ತಕವಾದ 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ತರಿಸಿಕೊಂಡಿತು. ಅದಾದ ಮೇಲೆ ವಿಝರ್ಡ್, ಸಾರ್ಸರರ್ ಮತ್ತು ವಾರ್ಲಾಕ್ ಎಂಬ ಮೂರು ಮಾಂತ್ರಿಕ ಕ್ಲಾಸ್‌ಗಳನ್ನು (ಪಾತ್ರದ ಬಗೆಗಳನ್ನು) 2014ರ ನಿಯಮಗಳಲ್ಲೂ ಹೊಸ ನಿಯಮಗಳಲ್ಲೂ ಆಡಿ ನೋಡಿದ್ದೇನೆ. ಕೊಟ್ಟ ಹಣ ಸಾರ್ಥಕವಾಗಿದೆ, ಅದರಲ್ಲೂ ಹೆಚ್ಚಿನ ಪಾಲು ವಾರ್ಲಾಕ್‌ನಿಂದ ಸಾರ್ಥಕವಾಗಿದೆ. ಮುಂದೆ ಎಂದಾದರೂ ಮತ್ತೊಂದು ಆವೃತ್ತಿ ಬಂದರೆ ಉಳಿದೆರಡು ಕ್ಲಾಸ್‌ಗಳೂ ವಾರ್ಲಾಕ್‌ನ ದಾರಿಗೇ ಬರುತ್ತವೆ ಎಂದು ನಾನು ಊಹಿಸುತ್ತೇನೆ, ಮತ್ತು ಈ ಊಹೆಗೆ ಬೇಕಾದ ಆಧಾರ ಹೊಸ ಪುಸ್ತಕದಲ್ಲಿಯೇ ಇದೆ.

ಮೊದಲು ವಾರ್ಲಾಕ್‌ಗಿರುವ ಒಂದು ತೊಡಕನ್ನು ಹೇಳಿಬಿಡಬೇಕು, ಏಕೆಂದರೆ ಇಡೀ ಹೋಲಿಕೆ ಅದರ ಮೇಲೆಯೇ ನಿಂತಿದೆ. ಈ ಆಟದಲ್ಲಿ ಒಂದು ಮಂತ್ರ ಪ್ರಯೋಗಿಸಿದರೆ ಸಾಮಾನ್ಯವಾಗಿ ಒಂದು ಸ್ಲಾಟ್ ಖರ್ಚಾಗುತ್ತದೆ, ಮತ್ತು ಪಾತ್ರದ ಲೆವೆಲ್ ಏರಿದಂತೆ ಹೆಚ್ಚಿನ ಮಟ್ಟದ, ಅಂದರೆ ಹೆಚ್ಚು ಬಲದ, ಸ್ಲಾಟ್‌ಗಳು ಸಿಗುತ್ತವೆ. ಐದನೇ ಲೆವೆಲ್‌ನ ವಿಝರ್ಡ್‌ಗೆ ದಿನಕ್ಕೆ ಒಂಬತ್ತು ಸ್ಲಾಟ್‌ಗಳಿರುತ್ತವೆ. ಅವುಗಳಲ್ಲಿ ಎರಡು ಮಾತ್ರ ಮೂರನೇ ಮಟ್ಟದವು. ಅದೇ ಲೆವೆಲ್‌ನ ವಾರ್ಲಾಕ್‌ಗೆ ಇರುವುದೇ ಎರಡು ಸ್ಲಾಟ್, ಆದರೆ ಎರಡೂ ಮೂರನೇ ಮಟ್ಟದವು, ಮತ್ತು ಕಥೆಯೊಳಗೆ ಒಂದು ಗಂಟೆಯ ಶಾರ್ಟ್ ರೆಸ್ಟ್ ಮುಗಿದೊಡನೆ ಎರಡೂ ಮರಳಿ ಸಿಗುತ್ತವೆ. ದಿನದಲ್ಲಿ ಎರಡು ಬಾರಿ ವಿಶ್ರಾಂತಿ ಸಿಕ್ಕರೆ ವಾರ್ಲಾಕ್ ಮೂರನೇ ಮಟ್ಟದ ಆರು ಮಂತ್ರಗಳನ್ನು ಪ್ರಯೋಗಿಸಬಲ್ಲದು. ಒಮ್ಮೆಯೂ ಸಿಗದಿದ್ದರೆ ಎರಡೇ ಮಂತ್ರಗಳಿಗೆ ಅದರ ದಿನ ಮುಗಿಯುತ್ತದೆ. ಆರಕ್ಕೂ ಎರಡಕ್ಕೂ ನಡುವಿನ ಈ ಅಂತರವನ್ನು ನಿರ್ಧರಿಸುವವರು ವಾರ್ಲಾಕ್ ಆಡುವವರಲ್ಲ, ಮೇಜಿನ ಸುತ್ತ ಕುಳಿತ ಇತರರು.

ನಮ್ಮ ಮೇಜಿನಲ್ಲಿ ಇದು ಪ್ರತಿ ಬಾರಿಯೂ ಚರ್ಚೆಗೆ ಕಾರಣವಾಗುತ್ತಿತ್ತು. ಮಂಡ್ಯದಿಂದ ಬರುವ ಗೆಳೆಯನೊಬ್ಬ ಸಂಜೆಯ ರೈಲಿಗೆ ಹೊರಡಬೇಕಾದ್ದರಿಂದ ನಮಗೆ ಸಿಗುವ ಸಮಯ ಕಡಿಮೆ, ಮತ್ತು ಆ ಸಮಯದಲ್ಲಿ ನೆಲಮಾಳಿಗೆಯ ಎರಡು ಕೋಣೆಗಳನ್ನು ದಾಟಿದೊಡನೆ ವಾರ್ಲಾಕ್ ಆಡುವ ನಾನು ವಿಶ್ರಾಂತಿ ಕೇಳಿದರೆ ವಿಝರ್ಡ್ ಆಡುವ ಹುಡುಗ ಒಪ್ಪುತ್ತಿರಲಿಲ್ಲ. "ಅಕ್ಕಾ, ಇಲ್ಲೇ ಒಂದು ಗಂಟೆ ಕೂತ್ಕೊಂಡ್ರೆ ಆ ಕಡೆ ಇರೋರೆಲ್ಲ ಎಚ್ಚರ ಆಗ್ಬಿಡ್ತಾರೆ, ನನ್ ಹತ್ರ ಇನ್ನೂ ಸ್ಲಾಟ್ ಇದೆ, ಮುಂದಕ್ಕೆ ಹೋಗೋಣ" ಎಂದು ಅವನು ಆಟ ನಡೆಸುವ ಅಕ್ಕನಿಗೆ ಹೇಳುತ್ತಿದ್ದ. ಕಥೆಯೊಳಗಿನಿಂದ ನೋಡಿದರೆ ಅವನ ಮಾತು ಸರಿಯಾಗಿಯೇ ಇತ್ತು. ಶತ್ರುಗಳ ಕೋಟೆಯೊಳಗೆ ಒಂದು ಗಂಟೆ ಬಾಗಿಲಿಗೆ ಅಗಳಿ ಹಾಕಿ ಕುಳಿತುಕೊಳ್ಳುವುದನ್ನು ಯಾವ ವಿವೇಕವಂತನೂ ಒಪ್ಪಲಾರ. ತಪ್ಪು ಅವನದೂ ಅಲ್ಲ, ನನ್ನದೂ ಅಲ್ಲ. ಒಬ್ಬನ ಶಕ್ತಿ ರಾತ್ರಿಯ ನಿದ್ರೆಯಿಂದಲೂ ಇನ್ನೊಬ್ಬನದು ಮಧ್ಯಾಹ್ನದ ವಿರಾಮದಿಂದಲೂ ಮರಳುವಂತೆ ಬರೆದ ನಿಯಮ ಇಬ್ಬರನ್ನೂ ಎದುರುಬದುರು ನಿಲ್ಲಿಸುತ್ತದೆ. ನನ್ನಂತೆಯೇ ವಿರಾಮ ಬೇಕಾದ ಫೈಟರ್ ಮತ್ತು ಮಾಂಕ್ ಕ್ಲಾಸ್‌ಗಳನ್ನು ಆಡುವವರು ನನ್ನ ಕಡೆಗೆ, ವಿಝರ್ಡ್‌ನಂತೆ ರಾತ್ರಿಯ ನಿದ್ರೆಯನ್ನು ನೆಚ್ಚುವ ಕ್ಲೆರಿಕ್ ಆಡುವವರು ಅವನ ಕಡೆಗೆ ಸೇರಿಕೊಂಡು, ಆಡಬೇಕಾದ ಸಮಯ ವಾದದಲ್ಲಿ ಕಳೆಯುತ್ತಿತ್ತು.

2024ರ ಪುಸ್ತಕ ಇದನ್ನು ಅರ್ಧದಷ್ಟು ಸರಿಪಡಿಸಿದೆ. ಎರಡನೇ ಲೆವೆಲ್‌ನಲ್ಲಿ ಸಿಗುವ ಮ್ಯಾಜಿಕಲ್ ಕನ್ನಿಂಗ್ ಎಂಬ ಸಾಮರ್ಥ್ಯದಿಂದ ವಾರ್ಲಾಕ್ ಒಂದು ನಿಮಿಷದ ವಿಧಿಯನ್ನು ನಡೆಸಿ ತನ್ನ ಸ್ಲಾಟ್‌ಗಳಲ್ಲಿ ಅರ್ಧದಷ್ಟನ್ನು ದಿನಕ್ಕೊಮ್ಮೆ ಮರಳಿ ಪಡೆಯಬಹುದು. ಒಂದು ನಿಮಿಷಕ್ಕೆ ಯಾರ ತಕರಾರೂ ಇರುವುದಿಲ್ಲ. ಇದು ಬಂದ ಮೇಲೆ ನಮ್ಮಲ್ಲಿ ವಾದ ತುಂಬಾ ಕಡಿಮೆಯಾಗಿದೆ. ಸ್ಲಾಟ್ ಮುಗಿದಾಗಲೂ ವಾರ್ಲಾಕ್‌ನ ಕೈ ಬರಿದಾಗುವುದಿಲ್ಲ: ಸ್ಲಾಟ್ ಬೇಡದ ದಾಳಿಮಂತ್ರ ಎಲ್ಡ್ರಿಚ್ ಬ್ಲಾಸ್ಟ್ ಇದೆ, ಐದನೇ ಲೆವೆಲ್‌ನಲ್ಲಿ ಹಿಂದೆ ಮೂರಿದ್ದ ಇನ್ವೊಕೇಶನ್‌ಗಳು (ಆಟಗಾರ ಆರಿಸಿಕೊಳ್ಳುವ ವಿಶೇಷ ಗುಣಗಳು) ಈಗ ಐದಾಗಿವೆ, ಮತ್ತು ಅವುಗಳಲ್ಲಿ ಎಷ್ಟು ಬಾರಿ ಬೇಕಾದರೂ ವೇಷ ಬದಲಿಸಿಕೊಳ್ಳುವಂಥ ಶಕ್ತಿಗಳಿವೆ. ನನಗೆ ಈ ಕ್ಲಾಸ್ ಮೆಚ್ಚುಗೆಯಾಗಲು ಇದೇ ಮುಖ್ಯ ಕಾರಣ. ಉಳಿಸಿಟ್ಟುಕೊಳ್ಳಬೇಕಾದ ಮಂತ್ರಗಳ ಲೆಕ್ಕದಲ್ಲಿ ಮನಸ್ಸು ಸಿಕ್ಕಿಕೊಳ್ಳದೆ ಪಾತ್ರದ ಮಾತು, ಶಕ್ತಿಗಾಗಿ ಅದು ಮಾಡಿಕೊಂಡ ಒಪ್ಪಂದ, ಆ ಶಕ್ತಿ ಕೊಟ್ಟ ಒಡೆಯ ಯಾರು ಎಂಬುದರ ಕಡೆಗೆ ಗಮನ ಕೊಡಲು ಸಾಧ್ಯವಾಗುತ್ತದೆ.

ಸಾರ್ಸರರ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2014ರಲ್ಲಿ ಇಪ್ಪತ್ತನೇ ಲೆವೆಲ್‌ಗೆ ಬಂದರೂ ಅದಕ್ಕೆ ಗೊತ್ತಿರುತ್ತಿದ್ದದ್ದು 15 ಮಂತ್ರಗಳು ಮಾತ್ರ. ಈಗ 22 ಆಗಿವೆ, ಮತ್ತು ಮಂತ್ರದ ಪರಿಣಾಮವನ್ನು ಬೇಕಾದಂತೆ ಮಾರ್ಪಡಿಸುವ ಮೆಟಾಮ್ಯಾಜಿಕ್ ಮೂರನೇ ಲೆವೆಲ್‌ಗೆ ಬದಲು ಎರಡರಲ್ಲೇ ಸಿಗುತ್ತದೆ. ಮೂವರಲ್ಲಿ ಅತಿ ಹೆಚ್ಚು ಸುಧಾರಿಸಿರುವುದು ಇದೇ.

ವಿಝರ್ಡ್‌ನ ವಿಷಯದಲ್ಲಿ ನನಗೆ ಗೌರವವಿದೆ, ಆಡುವ ಉತ್ಸಾಹವಿಲ್ಲ. ಪ್ರತಿ ಲಾಂಗ್ ರೆಸ್ಟ್ (ರಾತ್ರಿಯ ನಿದ್ರೆಯಂಥ ದೀರ್ಘ ವಿಶ್ರಾಂತಿ) ಆದ ಮೇಲೆ ಮಂತ್ರಪುಸ್ತಕ ತೆರೆದು ಇಂದು ಯಾವುದು ಬೇಕಾಗಬಹುದು ಎಂದು ಆರಿಸುವುದು ಕೆಲವರಿಗೆ ಆಟದ ಅತ್ಯಂತ ಸಂತೋಷದ ಭಾಗ. ಉಳಿದವರು ಅಷ್ಟು ಹೊತ್ತು ಸುಮ್ಮನೆ ಕಾಯಬೇಕು. ಸಿಕ್ಕ ಮಂತ್ರವನ್ನು ಪುಸ್ತಕಕ್ಕೆ ಇಳಿಸಿಕೊಳ್ಳಲು ಪ್ರತಿ ಮಟ್ಟಕ್ಕೆ 50 ಚಿನ್ನದ ನಾಣ್ಯ ಮತ್ತು ಎರಡು ಗಂಟೆ ಬೇಕೆಂಬ ನಿಯಮ ಮಾತ್ರ ನನಗೆ ಬಹಳ ಇಷ್ಟ, ಏಕೆಂದರೆ ಅದು ವಿದ್ಯೆಗೆ ಕಥೆಯೊಳಗೆ ಒಂದು ಬೆಲೆಯನ್ನು ಕೊಡುತ್ತದೆ.

ಈಗ ಊಹೆಯ ಮಾತು. 2024ರ ಬದಲಾವಣೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮೂರೂ ಒಂದೇ ಕಡೆಗೆ ಹೊರಟಿರುವುದು ಕಾಣುತ್ತದೆ. ವಿಝರ್ಡ್‌ಗೆ ಐದನೇ ಲೆವೆಲ್‌ನಲ್ಲಿ ಸೇರಿಸಿರುವ ಮೆಮೊರೈಸ್ ಸ್ಪೆಲ್ ಶಾರ್ಟ್ ರೆಸ್ಟ್ ಮುಗಿದಾಗ ಸಿದ್ಧಪಡಿಸಿದ ಒಂದು ಮಂತ್ರವನ್ನು ಬದಲಿಸಿಕೊಳ್ಳಲು ಬಿಡುತ್ತದೆ. ಸಾರ್ಸರರ್‌ಗೆ ಹಿಂದೆ ಇಪ್ಪತ್ತನೇ ಲೆವೆಲ್‌ನಲ್ಲಿ ಮಾತ್ರ ಸಿಗುತ್ತಿದ್ದ, ಶಾರ್ಟ್ ರೆಸ್ಟ್‌ನಲ್ಲಿ ಸಾರ್ಸರಿ ಪಾಯಿಂಟ್ (ಮೆಟಾಮ್ಯಾಜಿಕ್‌ಗೆ ಖರ್ಚಾಗುವ ಅಂಕ) ಮರಳಿಸುವ ಶಕ್ತಿ ಈಗ ಐದನೇ ಲೆವೆಲ್‌ಗೆ ಇಳಿದು ಬಂದಿದೆ. ಅಂದರೆ ಇವರಿಬ್ಬರೂ ವಾರ್ಲಾಕ್‌ನ ಗಡಿಯಾರದತ್ತ ಬರುತ್ತಿದ್ದಾರೆ, ವಾರ್ಲಾಕ್ ಆ ಗಡಿಯಾರವನ್ನೇ ಒಂದು ಗಂಟೆಯಿಂದ ಒಂದು ನಿಮಿಷಕ್ಕೆ ಇಳಿಸುತ್ತಿದೆ.

ಇದಕ್ಕೆ ತದ್ವಿರುದ್ಧವಾದ ಪ್ರಯತ್ನವೂ ನಡೆದಿತ್ತು. 2022ರ ಆಗಸ್ಟ್‌ನಲ್ಲಿ ಆರಂಭವಾದ ಸಾರ್ವಜನಿಕ ಪ್ಲೇಟೆಸ್ಟ್‌ನ (ಕರಡು ನಿಯಮಗಳನ್ನು ಆಟಗಾರರಿಂದಲೇ ಆಡಿಸಿ ನೋಡುವ ಪರೀಕ್ಷೆಯ) ಭಾಗವಾಗಿ 2023ರ ಏಪ್ರಿಲ್‌ನಲ್ಲಿ ಪ್ರಕಟವಾದ ಕರಡಿನಲ್ಲಿ ವಾರ್ಲಾಕ್‌ನ ವಿಶಿಷ್ಟ ಸ್ಲಾಟ್‌ಗಳನ್ನು ತೆಗೆದು, ಪ್ಯಾಲಡಿನ್ ಎಂಬ ಯೋಧ ಕ್ಲಾಸ್‌ನಂತೆ ನಿಧಾನವಾಗಿ ಬೆಳೆಯುವ, ಲಾಂಗ್ ರೆಸ್ಟ್‌ನಲ್ಲಿ ಮಾತ್ರ ಮರಳುವ ಸ್ಲಾಟ್‌ಗಳನ್ನು ಕೊಟ್ಟಿದ್ದರು. ಎಲ್ಲರ ಗಡಿಯಾರವನ್ನೂ ಒಂದೇ ಮಾಡುವುದಕ್ಕೆ ಅದೂ ಒಂದು ದಾರಿಯೇ. ಆದರೆ ಮೂರನೇ ಮಟ್ಟದ ಸ್ಲಾಟ್‌ಗಾಗಿ ಒಂಬತ್ತನೇ ಲೆವೆಲ್‌ವರೆಗೆ ಕಾಯಬೇಕಾದ ವಾರ್ಲಾಕ್ ವಾರ್ಲಾಕ್ ಆಗಿ ಉಳಿಯುವುದಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನ ಕರಡಿನಲ್ಲಿ ಹಳೆಯ ಪದ್ಧತಿ ಮರಳಿತು. ಒಮ್ಮೆ ಹಿಂತೆಗೆದುಕೊಂಡ ಈ ದಾರಿಯನ್ನು ವಿನ್ಯಾಸಕಾರರು ಮತ್ತೆ ಹಿಡಿಯುವುದಿಲ್ಲ ಎಂದೇ ನನ್ನ ನಂಬಿಕೆ.

ಆದ್ದರಿಂದ ಮುಂದಿನ ಆವೃತ್ತಿಯಲ್ಲಿ ಶಾರ್ಟ್ ರೆಸ್ಟ್‌ನ ಅವಧಿ ಇಳಿಯುತ್ತದೆ ಎಂದು ನಾನು ನಿರೀಕ್ಷಿಸುತ್ತೇನೆ. 2008ರ ನಾಲ್ಕನೇ ಆವೃತ್ತಿಯಲ್ಲಿ ಅದು ಐದೇ ನಿಮಿಷವಾಗಿತ್ತು, ಹಾಗಾಗಿ ಇದು ಈ ಆಟಕ್ಕೆ ಹೊಸ ವಿಚಾರವೂ ಅಲ್ಲ. ಸಾರ್ಸರರ್ ಸ್ಲಾಟ್‌ಗಳನ್ನು ಪೂರ್ತಿಯಾಗಿ ಬಿಟ್ಟು ಪಾಯಿಂಟ್‌ಗಳಿಂದಲೇ ಮಂತ್ರ ಪ್ರಯೋಗಿಸಬಹುದು. ಅಂಥ ಐಚ್ಛಿಕ ನಿಯಮವೊಂದು ಆಟ ನಡೆಸುವವರ ಕೈಪಿಡಿಯಾದ 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿಯೇ ಇತ್ತು. ವಿಝರ್ಡ್‌ಗೆ ಸ್ವಂತ ಮಂತ್ರವನ್ನು ರೂಪಿಸಿಕೊಳ್ಳುವ ಅವಕಾಶ 2023ರ ಕರಡಿನಲ್ಲಿ ಬಂದು ಅಳಿಸಿಹೋಗಿತ್ತು. ಅದು ಮರಳಬೇಕೆಂಬುದು ಊಹೆಗಿಂತ ಹೆಚ್ಚಾಗಿ ನನ್ನ ಆಸೆ.

ಹೊಸದಾಗಿ ಸೇರುವವರು ಸಾವಿರಾರು ರೂಪಾಯಿ ಖರ್ಚು ಮಾಡುವ ಅಗತ್ಯವಿಲ್ಲ. 2025ರಲ್ಲಿ ಹೊಸ ನಿಯಮಗಳ ಉಚಿತ ಕಡತವೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆಯಾಗಿದೆ. ಅದರಲ್ಲಿ ಪ್ರತಿ ಕ್ಲಾಸ್‌ಗೂ ಒಂದೊಂದೇ ಸಬ್‌ಕ್ಲಾಸ್ (ಕ್ಲಾಸ್‌ನ ಒಳಬಗೆ) ಇದ್ದರೂ ವಾರ್ಲಾಕ್‌ಗೆ ಸಿಕ್ಕಿರುವ, ದುಷ್ಟಶಕ್ತಿಯೊಂದು ಒಡೆಯನಾಗಿರುವ ಫೀಂಡ್ ನಮ್ಮಂಥ ತಂಡಕ್ಕೆ ಧಾರಾಳವಾಗಿ ಸಾಕು. ವಾರ್ಲಾಕ್‌ನ ಪುಟಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಸ್ಪೈರಲ್ ಹಾಕಿಸಿದರೆ ಆಟಕ್ಕೆ ಕೂರಬಹುದು. ವಿಝರ್ಡ್ ಆಡುವವರು ಮಂತ್ರಗಳ ಅಧ್ಯಾಯವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಮುದ್ರಿಸಿಕೊಳ್ಳಬೇಕಾಗುತ್ತದೆ. ರಜೆಯಲ್ಲಿ ಇಡೀ ದಿನ ಕುಳಿತು ಆಡುವ, ಪಟ್ಟಿ ಓದುವುದರಲ್ಲಿ ಸುಖ ಕಾಣುವ ಗುಂಪಿಗೆ ವಿಝರ್ಡೇ ಸರಿ. ನಮ್ಮ ಮೇಜಿಗೆ ಮಾತ್ರ ದಸರಾ ರಜೆಯಲ್ಲಿ ತೊಡಗುವ ಹೊಸ ಕಥೆಗೂ ನಾನು ವಾರ್ಲಾಕ್ ಹಾಳೆಯನ್ನೇ ತುಂಬಿಸಿದ್ದೇನೆ, ಮತ್ತು ಈ ಬಾರಿ ಶಾರ್ಟ್ ರೆಸ್ಟ್ ಹತ್ತೇ ನಿಮಿಷವೆಂದು ಅಕ್ಕ ಒಪ್ಪಿಕೊಂಡಿದ್ದಾರೆ.