ನಾಟಿಂಗ್‌ಹ್ಯಾಮ್‌ನ ಹಳೇ ಆಸ್ತಿ ನಡಿಗೆ: ಬೀದಿಗೆ ನಾಲ್ಕು ಸ್ಟಾರ್, ಕತೆಗೆ ಎರಡು

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಗೆ ಹೋದವರು ಸಾಮಾನ್ಯವಾಗಿ ರಾಬಿನ್ ಹುಡ್ ಟೂರ್ ಮಾಡಿ ವಾಪಸ್ ಬರುತ್ತಾರೆ. ನಾನು ಹೋಗಿದ್ದು ಬೇರೆ ನಡಿಗೆಗೆ. ಹಳೇ ಕಾಲದಲ್ಲಿ ಪೇಟೆಯ ಮನೆ, ಜಾಗ ಯಾರ ಕೈಯಲ್ಲಿತ್ತು, ಅಪ್ಪ ಸತ್ತರೆ ಯಾರಿಗೆ ಹೋಗುತ್ತಿತ್ತು ಅನ್ನೋದೇ ಇದರ ವಿಷಯ. ಕೇಳೋಕೆ ಬೋರು ಅನಿಸುತ್ತೆ, ಅಲ್ವಾ? ಖಂಡಿತ ಬೋರಲ್ಲ. ಆದರೆ ಗೈಡ್ ಮುಖ್ಯವಾದ ಜಾಗದಲ್ಲೇ ಎಡವುತ್ತಾರೆ.

ನಡಿಗೆ ಶುರುವಾಗೋದು ಲೇಸ್ ಮಾರ್ಕೆಟ್ ಕಡೆ, ಸೇಂಟ್ ಮೇರಿ ಚರ್ಚ್ ಹತ್ತಿರ. ಮುಗಿಯೋದು ಕೋಟೆಯ ಕೆಳಗೆ. ಈ ದಾರಿ ಆರಿಸಿದ್ದಕ್ಕೇ ಅರ್ಧ ಮಾರ್ಕ್ಸ್ ಕೊಡಬೇಕು. ದೊರೆ ವಿಲಿಯಂ 1068ರಲ್ಲಿ ಇಲ್ಲಿ ಕೋಟೆ ಕಟ್ಟಿಸಿದ ಮೇಲೆ ಅದರ ಪಕ್ಕ ಫ್ರಾನ್ಸ್ ಕಡೆಯಿಂದ ಬಂದ ನಾರ್ಮನ್ನರ ಹೊಸ ಪೇಟೆ, ಅಂದರೆ ಫ್ರೆಂಚ್ ಪೇಟೆ, ಬೆಳೆಯಿತು, ಹಳೇ ಇಂಗ್ಲಿಷ್ ಪೇಟೆ ಸೇಂಟ್ ಮೇರಿ ದಿಬ್ಬದ ಮೇಲೆ ಹಾಗೇ ಉಳಿಯಿತು. ಊರು ಒಂದೇ, ಪದ್ಧತಿ ಎರಡು. ಫ್ರೆಂಚ್ ಪೇಟೆಯಲ್ಲಿ ಉಯಿಲು ಬರೆಯದೆ ಸತ್ತರೆ ಆಸ್ತಿ ಹಿರಿ ಮಗನಿಗೆ. ಇಂಗ್ಲಿಷ್ ಪೇಟೆಯಲ್ಲಿ ಕಿರಿ ಮಗನಿಗೆ! 1327ರ ಒಂದು ಕೇಸಿನ ವರದಿಯಲ್ಲಿ ಎರಡೂ ದಾಖಲಾಗಿವೆ. ಆಮೇಲೆ ದೇಶದಲ್ಲಿ ಎಲ್ಲೇ ಕಿರಿ ಮಗ ಆಸ್ತಿ ಪಡೆದರೂ ವಕೀಲರು ಅದನ್ನು ‘ಬರೋ ಇಂಗ್ಲಿಷ್’ (ಬರೋ ಅಂದರೆ ಪೇಟೆ) ಎಂದೇ ಕರೆದರು. ಸಸೆಕ್ಸ್‌ನ ಎಷ್ಟೋ ಹಳ್ಳಿಗಳಲ್ಲೂ ಇದಿತ್ತು.

‘ಬರ್ಗೇಜ್’ ಸೈಟುಗಳನ್ನು ಗೈಡ್ ಸೊಗಸಾಗಿ ವಿವರಿಸಿದರು. ಬೀದಿ ಕಡೆ ಕಿರಿದು, ಹಿಂದಕ್ಕೆ ಉದ್ದ. ಎಲ್ಲರಿಗೂ ಅಂಗಡಿ ಬೀದಿಗೇ ಮುಖ ಮಾಡಿರಬೇಕಲ್ಲ! ಇಂಥ ಸೈಟು ಇದ್ದವನು ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಬೇಕಿರಲಿಲ್ಲ, ವರ್ಷಕ್ಕೆ ಇಷ್ಟು ಅಂತ ದುಡ್ಡು ಕಟ್ಟಿದರೆ ಸಾಕಿತ್ತು. 1196ರಲ್ಲಿ ಬಿಷಪ್ ಒಬ್ಬರು ಸ್ಟ್ರಾಟ್‌ಫರ್ಡ್ ಪೇಟೆ ಶುರು ಮಾಡಿದಾಗ ಒಂದು ಸೈಟಿನ ವರ್ಷದ ಬಾಡಿಗೆ 12 ಪೆನ್ನಿ. ಎಷ್ಟೋ ಪೇಟೆಗಳಲ್ಲಿ ಇದನ್ನು ಉಯಿಲು ಬರೆದು ಬೇಕಾದವರಿಗೆ ಕೊಡಬಹುದಿತ್ತು. ಹಳ್ಳಿಯ ಜಮೀನಿಗೆ ಕಾನೂನು ಆ ಅವಕಾಶ ಕೊಟ್ಟಿದ್ದು 1540ರಲ್ಲಿ. ಓಲ್ಡ್ ಸೇರಮ್ ವಿಷಯ ಬಂದಾಗ ಎಲ್ಲರೂ ನಕ್ಕರು: ಜನವೇ ಇಲ್ಲದ ಜಾಗ, ಆದರೂ ಅಲ್ಲಿನ ಬರ್ಗೇಜ್ ಸೈಟುಗಳ ಹೆಸರಲ್ಲಿ ವೋಟು ಹಾಕಿ 1832ರವರೆಗೂ ಇಬ್ಬರು ಸಂಸದರನ್ನು ಕಳಿಸುತ್ತಿದ್ದರು.

ಇಲ್ಲಿಯವರೆಗೆ ಸೂಪರ್. ಆಮೇಲೆ ಯಾರೋ, ಕಿರಿ ಮಗನಿಗೇ ಯಾಕೆ ಎಂದು ಕೇಳಿದರು. ಗೈಡ್ ಆ ಹಳಸಿದ ಕತೆ ತೆಗೆದರು: ಮದುವೆಯ ಮೊದಲ ರಾತ್ರಿ ಒಡೆಯನ ಹಕ್ಕು, ಹಾಗಾಗಿ ಹಿರಿ ಮಗ ಯಾರವನೋ ಎಂಬ ಅನುಮಾನ, ಇತ್ಯಾದಿ. ಇಂಗ್ಲೆಂಡಿನಲ್ಲಿ ಅಂಥ ಹಕ್ಕು ಇತ್ತು ಅನ್ನೋದಕ್ಕೆ ಪುರಾವೆಯೇ ಇಲ್ಲ. ಅದೂ ಹೋಗಲಿ, ಅನುಮಾನ ಮೊದಲನೆಯವನ ಮೇಲಾದರೆ ಆಸ್ತಿ ಎರಡನೆಯವನಿಗೆ ಹೋಗಬೇಕು, ಐವರಲ್ಲಿ ಕೊನೆಯವನಿಗೆ ಯಾಕೆ? ದೊಡ್ಡವರು ಅಪ್ಪನಿಂದ ಒಂದಿಷ್ಟು ಪಡೆದು, ಕಸುಬು ಕಲಿತು, ಬೇರೆ ಕಡೆ ನೆಲೆ ಕಂಡುಕೊಂಡಿರುತ್ತಾರೆ, ಕೊನೆಯವನು ಮನೆಯಲ್ಲೇ ಇರುತ್ತಾನೆ. ಚಿಕ್ಕವನಿಗೆ ತನ್ನ ಕಾಲ ಮೇಲೆ ನಿಲ್ಲೋದು ಎಲ್ಲರಿಗಿಂತ ಕಷ್ಟ ಎಂದು 15ನೇ ಶತಮಾನದ ನ್ಯಾಯಾಧೀಶ ಲಿಟಲ್‌ಟನ್ ಬರೆದಿದ್ದರು. ಇದೂ ಊಹೆಯೇ, ಆದರೆ ತಲೆಗೆ ಹೋಗುವ ಊಹೆ. ಗೈಡ್ ಇದಕ್ಕೆ ಕೊಟ್ಟಿದ್ದು ಒಂದೇ ಒಂದು ವಾಕ್ಯ.

ಹೆಣ್ಣುಮಕ್ಕಳ ಸುದ್ದಿಯೇ ಇಲ್ಲ. ಗಂಡುಮಕ್ಕಳಿಲ್ಲದಿದ್ದರೆ ಹೆಣ್ಣುಮಕ್ಕಳೆಲ್ಲ ಸಮನಾಗಿ ಹಂಚಿಕೊಳ್ಳುವುದು ದೇಶದ ಸಾಮಾನ್ಯ ನಿಯಮವಾಗಿತ್ತು, ಅದನ್ನಾದರೂ ಹೇಳಬಹುದಿತ್ತು. ಎಲ್ಲ ಗಂಡುಮಕ್ಕಳಿಗೂ ಸಮಪಾಲು ಕೊಡುತ್ತಿದ್ದ ಕೆಂಟ್‌ನ ‘ಗ್ಯಾವೆಲ್‌ಕೈಂಡ್’ ಪದ್ಧತಿಯೂ ಬರಲಿಲ್ಲ. ಇನ್ನೊಂದು, ಕೇಳಿದವರಿಗೆ ಇದೆಲ್ಲ ಕೋಟೆ-ಕತ್ತಿ ಕಾಲಕ್ಕೇ ಮುಗಿಯಿತು ಅನಿಸುತ್ತೆ. ಕಿರಿ ಮಗನ ಹಕ್ಕು ರದ್ದಾಗಿದ್ದು 1925ರ ಕಾನೂನಿನಿಂದ, ಅಂದರೆ ರೇಡಿಯೋ ಬಂದ ಮೇಲೆ!

ದಾರಿ ಏರು-ಇಳಿಜಾರು, ಒಳ್ಳೇ ಶೂ ಹಾಕಿಕೊಳ್ಳಿ. ಓಲ್ಡ್ ಮಾರ್ಕೆಟ್ ಸ್ಕ್ವೇರ್‌ನಲ್ಲಿ ಗಲಾಟೆ ಜಾಸ್ತಿ, ಗೈಡ್ ಪಕ್ಕದಲ್ಲೇ ನಿಂತರೆ ಮಾತ್ರ ಕೇಳಿಸುತ್ತೆ. ಪ್ರಶ್ನೆಗಳಿದ್ದರೆ ಕೋಟೆ ತಲುಪುವ ಮೊದಲೇ ಕೇಳಿಬಿಡಿ, ಅಲ್ಲಿ ಎಲ್ಲರೂ ರಾಬಿನ್ ಹುಡ್ ಪ್ರತಿಮೆ ಜೊತೆ ಫೋಟೋ ತೆಗೆಸಿಕೊಳ್ಳೋಕೆ ಓಡುತ್ತಾರೆ.