ಪ್ಲೇನರ್ ಟೇಬಲ್ಲಿಗೆ ಎಣ್ಣೆಯೋ, ಮೇಣವೋ?

ಚಿತ್ರದುರ್ಗದಲ್ಲಿ ಮಳೆಯೇ ಕಡಿಮೆ, ಮೆಷಿನ್‌ಗೆ ತುಕ್ಕು ಎಲ್ಲಿಂದ ಬರಬೇಕು ಅನ್ನುವವರಿದ್ದಾರೆ. ಅವರು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ನಮ್ಮ ತಗಡಿನ ಶೆಡ್ಡಿಗೆ ಬಂದು ನೋಡಬೇಕು. ಹಲಗೆ ಹೆರೆದು ನಯ ಮಾಡುವ ಮೆಷಿನ್ನು ಪ್ಲೇನರ್. ರಾತ್ರಿ ತಣ್ಣಗಾದ ಅದರ ಬೀಡಿನ (ಎರಕದ ಕಬ್ಬಿಣದ) ಟೇಬಲ್ಲು ಬೆಳಗಿನ ತೇವದ ಗಾಳಿಗೆ ಬೆವರುತ್ತದೆ. ಟೇಬಲ್ಲಿನ ಮೇಲೆ ಹಸಿ ಮರದ ಹೊಟ್ಟು ಉಳಿದಿದ್ದರಂತೂ ಕೇಳಲೇಬೇಡಿ.

ಹೋದ ಮಳೆಗಾಲದಲ್ಲಿ ಪ್ಲೇನರ್ ಟೇಬಲ್ಲನ್ನು ಚೆನ್ನಾಗಿ ಉಜ್ಜಿ, ಉದ್ದುದ್ದ ಪಟ್ಟಿಗಳಾಗಿ ಭಾಗ ಮಾಡಿ, ತುಕ್ಕು ತಡೆಯಲು ಒಂದೊಂದು ಪಟ್ಟಿಗೆ ಒಂದೊಂದು ಬಗೆಯ ಎಣ್ಣೆ, ಮೇಣ ಹಚ್ಚಿ ನೋಡಿದೆ.

ಶೇಂಗಾ ಎಣ್ಣೆ ಹಚ್ಚುವವರು ಈ ಕಡೆ ಜಾಸ್ತಿ. ಪಕ್ಕದ ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರೇ ಅಲ್ವಾ! ಆದರೆ ಅಡುಗೆ ಎಣ್ಣೆ ಗಾಳಿಗೆ ಅಂಟಂಟಾಗುತ್ತದೆ. ಹಲಗೆ ಮುಂದಕ್ಕೆ ಜಾರುವುದೇ ಇಲ್ಲ. ಇದು ಬೇಡ.

ಮೆಷಿನ್ ಆಯಿಲ್ ತುಕ್ಕನ್ನು ಗಟ್ಟಿಯಾಗಿ ತಡೆಯಿತು. ತೊಂದರೆ ಇರುವುದು ಮರಕ್ಕೆ. ಹೊಟ್ಟು ಸೇರಿ ಕೆಸರಾಗುತ್ತದೆ, ತೇಗದ ಹಲಗೆಗೆ ಕಲೆ ಬೀಳುತ್ತದೆ, ಆ ಜಾಗದಲ್ಲಿ ಪಾಲಿಶ್ ಹಿಡಿಯುವುದಿಲ್ಲ. ಮರ ತಾಗದ ಸ್ಕ್ರೂ, ಗೇರಿಗೆ ಮಾತ್ರ ಇದೇ ಸರಿ.

ಸ್ಪ್ರೇ ಡಬ್ಬಿಯಲ್ಲಿ ಸಿಗುವ ಡಬ್ಲ್ಯೂಡಿ-40 ನೀರನ್ನು ಓಡಿಸುವುದರಲ್ಲಿ ಮುಂದು. ಎಳೆ ತುಕ್ಕನ್ನು ಸ್ಕಾಚ್ ಬ್ರೈಟ್ ಜೊತೆ ಉಜ್ಜಿ ತೆಗೆಯಲು ನಾನು ಇದನ್ನೇ ಬಳಸುತ್ತೇನೆ. ಅದು ಉಳಿಸುವ ಪದರ ಬಹಳ ತೆಳು, ಹಲಗೆ ಓಡಾಡುವ ಟೇಬಲ್ಲಿನ ಮೇಲೆ ಬಾಳುವುದಿಲ್ಲ.

ನನ್ನ ಮನಸ್ಸು ಗೆದ್ದಿದ್ದು ಮೇಣ. ಒಂದು ಪಾಲು ಜೇನುಮೇಣಕ್ಕೆ ಸುಮಾರು ಮೂರು ಪಾಲು ಟರ್ಪೆಂಟೈನ್. ಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಒಲೆ ಆರಿಸಿದ ಮೇಲೆಯೇ ಟರ್ಪೆಂಟೈನ್ ಸೇರಿಸಿ. ಅದಕ್ಕೆ ಥಟ್ಟನೆ ಬೆಂಕಿ ಹಿಡಿಯುತ್ತದೆ. ತೆಳ್ಳಗೆ ಸವರಿ, ಮಂಕಾಗುವ ತನಕ ಬಿಟ್ಟು, ಹತ್ತಿ ಬಟ್ಟೆಯಿಂದ ಹೊಳಪು ಬರುವಂತೆ ಉಜ್ಜಬೇಕು. ತುಕ್ಕು ತಡೆಯುವುದರಲ್ಲಿ ಎಣ್ಣೆಗಿಂತ ಒಂದು ಕೈ ಕಡಿಮೆಯೇ. ಆದರೆ ಹಲಗೆ ಸಲೀಸಾಗಿ ಜಾರುತ್ತದೆ, ಕಲೆಯಿಲ್ಲ, ಹೊಟ್ಟು ಅಂಟುವುದಿಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಜಾರು ಕಡಿಮೆಯಾದಾಗ ಮತ್ತೆ ಹಚ್ಚಿದರೆ ಸಾಕು.

ಮೇಣದ ಬದಲು ಕಾರಿನ ಪಾಲಿಶ್ ಹಚ್ಚುವ ಮುನ್ನ ಡಬ್ಬಿ ಓದಿ. ಸಿಲಿಕೋನ್ ಇದ್ದರೆ ಅದು ಮರಕ್ಕೆ ತಾಗಿ, ಮೇಲೆ ಹೊಡೆಯುವ ವಾರ್ನಿಷ್‌ನಲ್ಲಿ ಗುಂಡಿ ಗುಂಡಿ ಬೀಳುತ್ತದೆ.

ಜಾಲಿ ಮರ ಹೊಡೆಯುವವರಿಗೆ ಇನ್ನೊಂದು ಮಾತು. ಅದರಲ್ಲಿ ಒಗರು ಜಾಸ್ತಿ. ಹಸಿ ಜಾಲಿ ಬರಿ ಕಬ್ಬಿಣದ ಮೇಲೆ ಕೂತರೆ ಮರಕ್ಕೂ ಟೇಬಲ್ಲಿಗೂ ಕಪ್ಪು ಕಲೆ ಆಗುತ್ತದೆ. ಸಂಜೆ ಹೊಟ್ಟು ಗುಡಿಸಿ, ಹಳೇ ಹತ್ತಿ ದುಪ್ಪಟಿ ಹೊದಿಸಿ. ಪ್ಲಾಸ್ಟಿಕ್ ಹಾಳೆ ಬೇಡ, ಒಳಗೇ ತೇವ ಕಟ್ಟುತ್ತದೆ.